ಲಕ್ಕಿಸಾಲು

ನನ್ನ ತಾಯಿಯ ತವರುಮನೆ ಸಿ. ಬೆಳಗಲ್. ಆ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ 1958ರಲ್ಲಿ ಬರೆದ ಒಂದು ಪಾಲುಪಟ್ಟಿ ಇದೆ. ಅಜ್ಜನೂ ಅವರ ತಮ್ಮನೂ ಹೊಲ ಹಂಚಿಕೊಂಡ ಮೇಲೆ ನೆನಪಿಗೆಂದು ಬರೆಸಿಟ್ಟ ಕಾಗದ ಅದು. ಭಾಷೆ ಕನ್ನಡ, ಅಕ್ಷರ ದುಂಡು, ಮಸಿ ಈಗ ಕಂದುಬಣ್ಣಕ್ಕೆ ತಿರುಗಿದೆ. ಅಜ್ಜನ ಪಾಲಿನ ಚಕ್ಕುಬಂದಿಯನ್ನು ಹೇಳುವ ಕಡೆ ಮೂಡಲು, ತೆಂಕಲು, ಬಡಗಲು ಮೂರಕ್ಕೂ ಒಂದೊಂದು ದೊಡ್ಡ ವಾಕ್ಯವಿದೆ. ನಾಲ್ಕನೆಯ ದಿಕ್ಕಿಗೆ ಮಾತ್ರ ಎರಡೇ ಪದ: ‘ಪಡುವಲಕ್ಕೆ ಲಕ್ಕಿಸಾಲು.’ ಬರೆದವನಿಗೆ ಅದಕ್ಕಿಂತ ಹೆಚ್ಚು ಹೇಳಬೇಕೆಂದು ತೋರಿರಲಾರದು. ಆ ಕಾಲದಲ್ಲಿ ಅದನ್ನು ಓದುವವರೆಲ್ಲರಿಗೂ ಆ ಸಾಲು ಕಣ್ಣೆದುರಿಗಿತ್ತು. ಅದೇ ಎರಡು ಪದಗಳಿಗಾಗಿ ನಮ್ಮ ಮನೆಯ ಎರಡು ಕವಲುಗಳು ಐದು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದವು. ಅವುಗಳನ್ನು ಸರಿಯಾಗಿ ಓದಲಾರದೆ ಹೋದವರಲ್ಲಿ ಮೊದಲಿಗನು ನಾನು, ವೃತ್ತಿಯಿಂದ ವಕೀಲ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದವನು.

ಲಕ್ಕಿ ಎಂದರೆ ಒಂದು ಗಿಡ. ಕರ್ನಾಟಕದ ಕೆಲವು ಕಡೆ ಇದನ್ನೇ ನೆಕ್ಕಿ ಎನ್ನುತ್ತಾರೆ. ಸಂಸ್ಕೃತದಲ್ಲಿ ನಿರ್ಗುಂಡಿ, ಸಿಂಧುವಾರ, ತಮಿಳಿನಲ್ಲಿ ನೊಚ್ಚಿ, ನಮ್ಮ ನೆರೆಹೊರೆಯ ತೆಲುಗಿನಲ್ಲಿ ವಾವಿಲಿ. ಸಸ್ಯಶಾಸ್ತ್ರದವರು ವೈಟೆಕ್ಸ್ ನೆಗುಂಡೊ ಎಂದು ಕರೆಯುತ್ತಾರೆ. ಆಳೆತ್ತರಕ್ಕೆ ಪೊದೆಯಾಗಿ ಬೆಳೆಯುತ್ತದೆ; ಕಡಿಯದೆ ಬಿಟ್ಟರೆ ಸಣ್ಣ ಮರವೇ ಆಗುತ್ತದೆ. ಒಂದು ತೊಟ್ಟಿಗೆ ಮೂರು ಇಲ್ಲವೇ ಐದು ಎಲೆ, ಬಿಡಿಸಿದ ಬೆರಳುಗಳಂತೆ. ಎಲೆಯ ಮೇಲ್ಮೈ ಹಸಿರು, ಅಡಿಮೈ ಬೂದಿ ಬಳಿದಂತೆ ಬಿಳುಪು. ಗಾಳಿ ಬೀಸಿದಾಗ ಇಡೀ ಸಾಲು ಬೆಳ್ಳಗಾಗಿ ಮತ್ತೆ ಹಸಿರಾಗುವುದನ್ನು ನೋಡಿದವರು ಮರೆಯುವುದಿಲ್ಲ. ತಿಳಿನೀಲಿ ಹೂವಿನ ಗೊಂಚಲು, ಮೆಣಸಿನ ಕಾಳಿನಂಥ ಕಪ್ಪು ಕಾಯಿ. ಎಲೆಯನ್ನು ಅಂಗೈಯಲ್ಲಿ ಹೊಸಕಿದರೆ ಮೂಗಿಗೆ ಅಡರುವ ಘಾಟು. ಆ ಘಾಟಿನಿಂದಾಗಿಯೇ ದನಕರು, ಆಡುಕುರಿ ಇದಕ್ಕೆ ಬಾಯಿ ಹಾಕುವುದು ಅಪರೂಪ. ಎಲ್ಲ ಹಸಿರನ್ನೂ ಆಡುಗಳು ಮುಗಿಸಿಬಿಡುವ ನಮ್ಮ ಬಯಲುಸೀಮೆಯಲ್ಲಿ ಮುಳ್ಳಿಲ್ಲದ ಒಂದು ಗಿಡ ಬೇಲಿಯಾಗಿ ಉಳಿಯಬೇಕಾದರೆ ಈ ಗುಣ ಅದಕ್ಕೆ ಇರಲೇಬೇಕು.

ಬಾಲ್ಯದ ಬೇಸಿಗೆ ರಜೆಗಳೆಲ್ಲ ನನಗೆ ಆ ಊರಿನಲ್ಲಿಯೇ ಕಳೆದವು. ಆದೋನಿಯಿಂದ ಎಮ್ಮಿಗನೂರಿನ ಮೇಲೆ ಬಸ್ಸು ಹಿಡಿದು ಹೋಗುತ್ತಿದ್ದೆವು. ಮನೆಯೊಳಗೆ ಕನ್ನಡ, ಬೀದಿಗೆ ಇಳಿದರೆ ತೆಲುಗು. ಎರಡರ ನಡುವೆ ಹೊಸ್ತಿಲು ದಾಟಿದಷ್ಟೇ ಅಂತರ. ಅಜ್ಜಿ ನಮಗೆ ‘ಲಕ್ಕಿಸೊಪ್ಪು ತರ್ರಿ’ ಎಂದು ಹೇಳಿ, ಅದೇ ಉಸಿರಿನಲ್ಲಿ ಪಕ್ಕದ ಮನೆಯ ಸೊಸೆಗೆ ‘ವಾವಿಲಾಕು ಬೇಕೇನಮ್ಮಾ’ ಎಂದು ತೆಲುಗಿನಲ್ಲಿ ಕೇಳುತ್ತಿದ್ದರು. ಎರಡೂ ಒಂದೇ ಗಿಡವೆಂದು ನಮಗೆ ಯಾರೂ ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಆ ಮನೆಯಲ್ಲಿ ಲಕ್ಕಿಯಿಲ್ಲದೆ ನಡೆಯುವ ದಿನ ಕಡಿಮೆ. ಜೋಳದ ಕಣಜ ತುಂಬುವಾಗ ತಳಕ್ಕೊಂದು ಪದರ, ನಡುವೆ ಒಂದೆರಡು ಪದರ ಒಣಗಿದ ಲಕ್ಕಿ ಮತ್ತು ಬೇವಿನ ಸೊಪ್ಪು. ಹುಳು ಹತ್ತುವುದು ಕಡಿಮೆಯಾಗುತ್ತದೆಂಬ ನಂಬಿಕೆ, ಮತ್ತು ಅನುಭವ. ಮುಸ್ಸಂಜೆ ಕೊಟ್ಟಿಗೆಯ ಮೂಲೆಯಲ್ಲಿ ಕುಳ್ಳಿನ ಕೆಂಡದ ಮೇಲೆ ಹಸಿಸೊಪ್ಪು ಹಾಕಿ ಹೊಗೆಯೆಬ್ಬಿಸಿದರೆ ದನಗಳು ಬಾಲ ಬೀಸುವುದನ್ನು ನಿಲ್ಲಿಸುತ್ತಿದ್ದವು. ನೆಗಡಿಯಾದರೆ ಕುದಿನೀರಿಗೆ ಸೊಪ್ಪು ಹಾಕಿ, ಕಂಬಳಿ ಮುಚ್ಚಿ ಹಬೆ. ಅಜ್ಜನ ದಿಂಬಿನೊಳಗೆ ಹತ್ತಿಯೊಡನೆ ಒಣಗಿದ ಲಕ್ಕಿ ಎಲೆ ಇರುತ್ತಿತ್ತು, ತಲೆನೋವಿಗೆಂದು. ಎಳೆಯ ನೀಳ ಕೋಲುಗಳಿಂದ ಬುಟ್ಟಿ ಹೆಣೆಯುತ್ತಿದ್ದರು, ಹಿತ್ತಲಿನ ತಟ್ಟಿ ಕಟ್ಟುತ್ತಿದ್ದರು. ವೈಟೆಕ್ಸ್ ಎಂಬ ಲ್ಯಾಟಿನ್ ಹೆಸರಿಗೂ ಹೆಣೆಯುವ ಕೆಲಸಕ್ಕೂ ನಂಟಿದೆ ಎನ್ನುತ್ತಾರೆ ತಿಳಿದವರು. ನಮ್ಮ ಹಿತ್ತಲಿನ ತಟ್ಟಿಯನ್ನು ಕಂಡಿದ್ದರೆ ಆ ಲ್ಯಾಟಿನ್ ಪಂಡಿತರಿಗೆ ಸಂತೋಷವಾಗುತ್ತಿತ್ತು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಬಾಣಂತಿಯ ನೀರು. ಹೆರಿಗೆಯಾದ ಮನೆಯಲ್ಲಿ ಹಂಡೆಗೆ ಲಕ್ಕಿಸೊಪ್ಪು ಬಿದ್ದು ನೀರು ಕಡುಹಸಿರಾಗಿ ಕುದಿಯಬೇಕು. ಮೈಕೈ ನೋವು ಇಳಿಯಬೇಕಾದರೆ ಆ ನೀರೇ ಆಗಬೇಕು. ಇದನ್ನು ಓದುವ ತಾಯಂದಿರಿಗೆ ಒಂದು ಮಾತು: ಸ್ನಾನದ ನೀರು ಸ್ನಾನದ ನೀರೇ ಹೊರತು ವೈದ್ಯರಿಗೆ ಬದಲಲ್ಲ. ಎಳೆಗೂಸು ಮಲಗುವ ಕೋಣೆಯಲ್ಲಿ ಹೊಗೆ ಹಾಕುವ ಪದ್ಧತಿಯನ್ನಂತೂ ಬಿಟ್ಟುಬಿಡುವುದು ಒಳ್ಳೆಯದು, ಸೊಳ್ಳೆಪರದೆ ಇದೆ. ವಕೀಲನ ಬಾಯಿಂದ ಎಚ್ಚರಿಕೆಯ ಮಾತು ಬರದೆ ಇರುವುದಿಲ್ಲ, ಕ್ಷಮಿಸಬೇಕು.

ಇನ್ನು ವ್ಯಾಜ್ಯದ ಕಥೆ.

ಊರಿನ ಉತ್ತರದ ಕಡೆ ತುಂಗಭದ್ರೆ ಹರಿಯುತ್ತಾಳೆ. ಆಚೆಯ ದಂಡೆ ಈಗ ತೆಲಂಗಾಣ. ಅಜ್ಜನ ಹೊಲ ಹೊಳೆಗೆ ಹತ್ತಿರದ ತಗ್ಗಿನಲ್ಲಿದೆ. 2009ರ ಅಕ್ಟೋಬರ್ ಮೊದಲ ವಾರದ ಮಹಾಪೂರವನ್ನು ನಮ್ಮ ಭಾಗದವರು ಯಾರೂ ಮರೆತಿಲ್ಲ. ಮಂತ್ರಾಲಯ ನೀರಿನಲ್ಲಿ ನಿಂತಿತು, ಕರ್ನೂಲು ನಗರ ಮುಳುಗಿತು. ನಮ್ಮ ಹೊಲದ ಮೇಲೆ ಮೊಳಕಾಲುದ್ದ ಮರಳುಗೋಡು ಕುಳಿತಿತು. ಬದುಗಳು ಕರಗಿದವು, ಅಜ್ಜನು ಹೂತಿದ್ದ ಗಡಿಕಲ್ಲುಗಳಲ್ಲಿ ಒಂದೂ ಉಳಿಯಲಿಲ್ಲ. ಲಕ್ಕಿಸಾಲು ನೆಲಕ್ಕೆ ಮಲಗಿ ಗೋಡಿನಡಿ ಹೂತುಹೋಯಿತು. ಮುಂದಿನ ಮುಂಗಾರಿನಲ್ಲಿ ಅಲ್ಲಲ್ಲಿ ಚಿಗುರು ಮೇಲೆದ್ದಿತಂತೆ. ಹೊಳೆದಂಡೆಯೇ ಅದರ ತವರು. ಮುಳುಗುವುದು ಅದಕ್ಕೆ ಹೊಸತಲ್ಲ. ಮಣ್ಣನ್ನು ಬೇರಿನಿಂದ ಬಿಗಿಹಿಡಿದು ಮತ್ತೆ ಚಿಗುರುವುದು ಅದರ ಸ್ವಭಾವ.

ಆದರೆ ಆ ಚಿಗುರನ್ನು ಗಮನಿಸುವವರು ಅಲ್ಲಿರಲಿಲ್ಲ. ಅಜ್ಜನ ಪಾಲನ್ನು ನನ್ನ ಸೋದರಮಾವ ನೋಡಿಕೊಳ್ಳುತ್ತಿದ್ದರು. ಪಡುವಲ ಬದಿಯ ಹೊಲ ಅಜ್ಜನ ತಮ್ಮನ ಮಗನದು. ನಾವು ಮಕ್ಕಳೆಲ್ಲ ಅವರನ್ನು ಚಿಕ್ಕಮಾವ ಎಂದು ಕರೆಯುತ್ತಿದ್ದೆವು. ಅವರು ಹೆಚ್ಚಿನ ವರ್ಷಗಳನ್ನು ಹೊರಊರಿನಲ್ಲಿ ದುಡಿದು, ಆಗತಾನೆ ಊರಿಗೆ ಮರಳಿದ್ದರು. 2011ರಲ್ಲಿ ಅವರು ಜೆಸಿಬಿ ತರಿಸಿ ಗೋಡು ಸಮ ಮಾಡಿಸಿದರು. ನಡುವೆ ಇದ್ದ ಪೊದೆಗಳನ್ನೂ ಎತ್ತಿಸಿ ಒಗೆದರು. ಆ ವರ್ಷ ಅವರ ನೇಗಿಲು ನಮ್ಮ ಕಡೆಗೆ 13 ಅಡಿ ಬಂದಿತು. ಉದ್ದ 600 ಅಡಿ. ಲೆಕ್ಕ ಹಾಕಿದರೆ ಸುಮಾರು 18 ಸೆಂಟು ಭೂಮಿ. ಮೊದಲು ಮಾತು, ಆಮೇಲೆ ಮೌನ. ಮದುವೆ ಮುಂಜಿಗಳಿಗೆ ಹೋಗಿಬರುವುದು ನಿಂತಿತು. 2012ರಲ್ಲಿ ದಾವೆ.

ಸರ್ವೆ ಮಾಡಿಸಿದರೆ ತೀರುತ್ತಿರಲಿಲ್ಲವೇ ಎಂದು ಓದುಗರು ಕೇಳಬಹುದು. ಸರ್ವೆಯ ಕಲ್ಲು ಒಂದು ಸರ್ವೆ ನಂಬರಿನ ಹೊರಗಿನ ಗಡಿಯನ್ನು ಹೇಳುತ್ತದೆ. ಅದರೊಳಗೆ ಅಣ್ಣತಮ್ಮಂದಿರು ಹಂಚಿಕೊಂಡು, ಉಪವಿಭಾಗ ಮಾಡಿಸಿ ದಾಖಲೆಗೆ ಏರಿಸದೆ ಬಿಟ್ಟರೆ, ಒಳಗಿನ ಗೆರೆ ಸರ್ಕಾರದ ನಕ್ಷೆಯಲ್ಲಿ ಇರುವುದಿಲ್ಲ. ನಮ್ಮ ಸೀಮೆಯ ಎಷ್ಟೋ ಮನೆಗಳ ಪರಿಸ್ಥಿತಿ ಇದೇ. ಅಂಥ ಕಡೆ ನಂಬಬೇಕಾದದ್ದು ಪಾಲುಪಟ್ಟಿಯ ಚಕ್ಕುಬಂದಿಯನ್ನು. ಅಳತೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚಕ್ಕುಬಂದಿಯೇ ಮೇಲು ಎಂಬುದು ನ್ಯಾಯಾಲಯಗಳು ಬಹುಕಾಲದಿಂದ ಒಪ್ಪಿಕೊಂಡು ಬಂದ ತತ್ತ್ವ. ಹಾಗಾಗಿ ಇಡೀ ದಾವೆ ಆ ಎರಡು ಪದಗಳ ಮೇಲೆ ನಿಂತಿತು.

ಕಾಗದ ಕನ್ನಡದಲ್ಲಿದ್ದುದರಿಂದ ತೆಲುಗು ಭಾಷಾಂತರವನ್ನು ಜೊತೆಗಿಡಬೇಕಾಯಿತು. ವಕಾಲತ್ತು ನನ್ನ ಹಿರಿಯ ವಕೀಲರದು. ಕಾಗದಪತ್ರ ಸಿದ್ಧಪಡಿಸುವ ಹೊಣೆ ನನ್ನದು. ಭಾಷಾಂತರ ಮಾಡಿದವರು ಕನ್ನಡ ಲಿಪಿಯನ್ನು ಓದಬಲ್ಲವರು, ಆದರೆ ನಮ್ಮ ಮನೆಮಾತನ್ನು ಕೇಳಿ ಬೆಳೆದವರಲ್ಲ. ಕನ್ನಡ, ತೆಲುಗು ಲಿಪಿಗಳೆರಡೂ ಒಂದೇ ಒಡಲಿನ ಅಕ್ಕತಂಗಿಯರು. ತಲೆಕಟ್ಟು ತುಸು ಬದಲಿಸಿದರೆ ಪದ ಆಚೆಯಿಂದ ಈಚೆಗೆ ಬಂದುಬಿಡುತ್ತದೆ. ‘ಲಕ್ಕಿಸಾಲು’ ಹಾಗೆಯೇ ಬಂದಿತು. ಅಕ್ಷರ ಬದಲಾಯಿತು, ಅರ್ಥ ಹಿಂದೆಯೇ ಉಳಿಯಿತು. ನಾನು ಅದರ ಮೇಲೆ ಕಣ್ಣಾಡಿಸಿ, ತಾರೀಖು ಸರಿಯಿದೆಯೇ, ಸರ್ವೆ ನಂಬರು ಸರಿಯಿದೆಯೇ ನೋಡಿ, ಸರಿಯೆಂದು ಒಪ್ಪಿಕೊಟ್ಟೆ. ಲಕ್ಕಿಯ ಮೇಲೆ ಕಣ್ಣು ಹಾಯಿತು, ನಿಲ್ಲಲಿಲ್ಲ. ಏಕೆಂದರೆ ನನಗೆ ಅದರ ಅರ್ಥ ಗೊತ್ತಿತ್ತು. ಗೊತ್ತಿರುವ ಪದವನ್ನು ಯಾರು ನಿಂತು ನೋಡುತ್ತಾರೆ?

ಆ ಪದ ತೆಲುಗಿನಲ್ಲಿ ಏನಾಗುತ್ತದೆಂಬುದು ಎದುರುವಾದಿಗಳ ಲಿಖಿತ ಹೇಳಿಕೆ ಬಂದಾಗ ತಿಳಿಯಿತು. ತೆಲುಗಿನ ಒಕ್ಕಲುತನದ ಮಾತಿನಲ್ಲಿ ಸಾಲು ಎಂದರೆ ನೇಗಿಲ ಗೆರೆ, ಉತ್ತ ಪಟ್ಟಿ. ಲಕ್ಕಿ ಎಂಬುದು ಹೆಂಗಸಿನ ಹೆಸರಾಗಬಲ್ಲದು. ಲಕ್ಷ್ಮಿಯನ್ನು ಹಳ್ಳಿಯಲ್ಲಿ ಹಾಗೆ ಮೊಟಕುಮಾಡಿ ಕರೆಯುವುದುಂಟು. ಅಲ್ಲಿಗೆ ಲಕ್ಕಿಸಾಲು ಎಂದರೆ ‘ಲಕ್ಕಿ ಎಂಬಾಕೆ ಉಳುತ್ತಿದ್ದ ಪಟ್ಟಿ’. ದುರ್ದೈವಕ್ಕೆ, ಆ ಹೆಸರಿನ ವಿಧವೆಯೊಬ್ಬರು ಹಿಂದಿನ ತಲೆಮಾರಿನಲ್ಲಿ ಅದೇ ಮನೆತನದಲ್ಲಿ ಇದ್ದದ್ದು ನಿಜ. ಅವರ ಜೀವನಾಂಶಕ್ಕೆ ಬಿಟ್ಟ ಪಟ್ಟಿ ಇದೇ 13 ಅಡಿ, ಅದು ಮುಂದೆ ತಮ್ಮ ತಂದೆಗೆ ಸೇರಿತು ಎಂದು ಚಿಕ್ಕಮಾವ ವಾದಿಸಿದರು. ಅವರು ಸುಳ್ಳು ಕಟ್ಟುತ್ತಿದ್ದರೆಂದು ನನಗೆ ಆಗಲೂ ಅನ್ನಿಸಲಿಲ್ಲ. ಕಾಗದ ಹಾಗೆ ಹೇಳುತ್ತಿದೆಯೆಂದು ಅವರಿಗೆ ಯಾರೋ ತೋರಿಸಿದ್ದರು. ಕಾಗದ ಹಾಗೆ ಹೇಳುವಂತೆ ಮಾಡಿದವನು ನಾನು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧಿಸುವ ಸೌಲಭ್ಯ ಇರಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ಪೋಷಕರ ಸಭೆಗಳಲ್ಲಿ ಎಷ್ಟು ಸಲ ವಿವರಿಸಿದ್ದೇನೋ! 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದ ಕಥೆಯನ್ನು ವೇದಿಕೆಯ ಮೇಲೆ ಎಷ್ಟು ಸಲ ಹೇಳಿದ್ದೇನೋ! ಅಷ್ಟೆಲ್ಲ ಹೇಳಿದವನಿಗೆ, ಹಿತ್ತಲಿನ ಗಿಡದ ಹೆಸರನ್ನು ಪಕ್ಕದ ಮನೆಯ ಭಾಷೆಯಲ್ಲಿ ಹೇಳಬೇಕೆಂಬ ಎಚ್ಚರ ಇರಲಿಲ್ಲ. ಅಜ್ಜಿಗೆ ಸಹಜವಾಗಿದ್ದ ಕೆಲಸ ಅದು.

ದಾರಿ ಇತ್ತು. 1872ರ ಸಾಕ್ಷ್ಯ ಕಾಯ್ದೆಯ 98ನೆಯ ಕಲಮಿನ ಪ್ರಕಾರ, ದಸ್ತಾವೇಜಿನಲ್ಲಿ ಪರಭಾಷೆಯ, ಬಳಕೆ ತಪ್ಪಿದ, ಕಸುಬಿನ ಅಥವಾ ಸ್ಥಳೀಯ ಪದವಿದ್ದರೆ ಅದರ ಅರ್ಥವೇನೆಂದು ತೋರಿಸಲು ಸಾಕ್ಷ್ಯ ಕೊಡಬಹುದು. ಆ ಕಲಮಿಗೆ ಕೊಟ್ಟಿರುವ ದೃಷ್ಟಾಂತ ಒಬ್ಬ ಶಿಲ್ಪಿಯದು: ಅವನು ತನ್ನ ವಸ್ತುಗಳನ್ನು ಮಾರುವಾಗ ಒಂದು ಮೊಟಕು ಪದ ಬಳಸುತ್ತಾನೆ, ಅದು ಅವನು ಮಾಡಿದ ಮಾದರಿ ಬೊಂಬೆಗಳೋ, ಮಾಡುವ ಉಪಕರಣಗಳೋ ಎಂಬುದೇ ಪ್ರಶ್ನೆ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ, ಇಂಥ ಮೊಕದ್ದಮೆ ಯಾರ ಬಾಳಿನಲ್ಲಿ ಬಂದೀತು ಎಂದು ನಕ್ಕಿದ್ದೆ. 2024ರ ಜುಲೈ 1ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಈ ನಿಯಮ ಮಾತ್ರ ಅಲ್ಲಿಯೂ ಉಳಿದಿದೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೆಯ ಆದೇಶದ 9ನೆಯ ನಿಯಮದಂತೆ ಸ್ಥಳ ತನಿಖೆಗೆ ಕಮಿಷನರೊಬ್ಬರ ನೇಮಕವಾಯಿತು. ಅವರೂ ವಕೀಲರೇ, ತೆಲುಗು ಮನೆಮಾತಿನವರು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಾವೆಲ್ಲ ಹೊಲದಲ್ಲಿ ನಿಂತೆವು. ಒಂದು ಕಡೆ ನನ್ನ ಮಾವ, ಇನ್ನೊಂದು ಕಡೆ ಚಿಕ್ಕಮಾವ, ನಡುವೆ ಅಳತೆಯ ಟೇಪು. ಮೊದಲು ಏನೂ ಕಾಣಲಿಲ್ಲ. ಹೊಳೆಯ ಕಡೆಯ ತುದಿಯಲ್ಲಿ, ಜೆಸಿಬಿ ತಿರುಗಲು ಜಾಗವಿಲ್ಲದೆ ಬಿಟ್ಟ ಇಕ್ಕಟ್ಟಿನಲ್ಲಿ, ಒಂದು ಪೊದೆ ಉಳಿದಿತ್ತು. ಅದರ ನೇರಕ್ಕೆ ದಕ್ಷಿಣದತ್ತ ಅಗೆಯುತ್ತ ಹೋದಾಗ ಮೊಳದಾಳದಲ್ಲಿ ಒಂದು ಬೊಡ್ಡೆ ಸಿಕ್ಕಿತು, ಮತ್ತಷ್ಟು ದೂರದಲ್ಲಿ ಇನ್ನೊಂದು. ಸಂಜೆಯ ಹೊತ್ತಿಗೆ ಏಳು ಬೊಡ್ಡೆಗಳು, ದಾರ ಹಿಡಿದಂತೆ ಒಂದೇ ಗೆರೆಯಲ್ಲಿ. ಎರಡರಲ್ಲಿ ಹಸಿಯಿತ್ತು. ಅಗೆಯುತ್ತಿದ್ದ ಆಳು ಸಿಬಿರೊಂದನ್ನು ಮುರಿದು ಮೂಸಿ, ‘ವಾವಿಲಿ’ ಎಂದ. ಕಮಿಷನರು ಅದನ್ನು ಬರೆದುಕೊಂಡರು.

ಬೇಲಿ ಇದ್ದದ್ದು ಅಲ್ಲಿಗೆ ಸಾಬೀತಾಯಿತು. ಪಟ್ಟಿಯಲ್ಲಿರುವ ಲಕ್ಕಿ ಅದೇ ಬೇಲಿಯೆಂದು ಹೇಳುವವರು ಬೇಕಾಗಿತ್ತು. 1958ರ ಹಂಚಿಕೆಯ ಹೊತ್ತಿಗೆ ದೊಡ್ಡವರಾಗಿದ್ದು ಇನ್ನೂ ಬದುಕಿದ್ದವರು ಅಜ್ಜಿಯೊಬ್ಬರೇ. ಎಂಬತ್ತು ದಾಟಿತ್ತು, ನಡೆಯಲಾರರು. ಇಂಥವರ ಸಾಕ್ಷ್ಯವನ್ನು ಮನೆಯಲ್ಲಿಯೇ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ಅಜ್ಜಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರು. ಚಿಕ್ಕಮಾವ ಬಾಗಿಲ ಬಳಿಯೇ ನಿಂತರು. ಮೂರು ವರ್ಷಗಳ ಮೇಲೆ ಆ ಮನೆಯ ಹೊಸ್ತಿಲಿಗೆ ಬಂದದ್ದು ಅವರು.

ಲಕ್ಕಿ ಎಂದರೆ ಯಾರು ಎಂದು ಕೇಳಲಾಯಿತು. ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಯಾರೂ ಅಲ್ಲಪ್ಪಾ, ಗಿಡ’ ಎಂದರು. ಆಮೇಲೆ ಕಮಿಷನರ ಮುಖ ನೋಡಿ ತೆಲುಗಿಗೆ ಹೊರಳಿ, ವಾವಿಲಿ ಎಂದು ವಿವರಿಸಿದರು. ನೀವು ವಾದಿಯ ತಾಯಿ, ಮಗನಿಗೆ ಅನುಕೂಲವಾಗುವಂತೆ ಹೇಳುತ್ತಿದ್ದೀರಿ ಎಂದು ಎದುರು ವಕೀಲರು ಪಾಟೀಸವಾಲು ಹಾಕಿದರು. ಅದು ಅವರ ಕರ್ತವ್ಯ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಅಜ್ಜಿ ಸಿಟ್ಟಾಗಲಿಲ್ಲ. ಬಾಗಿಲ ಕಡೆ ಕೈ ತೋರಿಸಿ ಅಂದರು: ‘ಇವ ಹುಟ್ಟಿದಾಗ ಇವನವ್ವಗ ನೀರು ಹಾಕಿದಾಕಿ ನಾನು. ಹನ್ನೊಂದು ದಿನ ಮುಂಜೇಲಿ ಎದ್ದು ಆ ಸಾಲಿಗೆ ಹೋಗಿ ಸೊಪ್ಪು ಕೊಯ್ಕೊಂಡು ಬಂದೀನಿ. ಅರ್ಧ ಇವರ ಹೊಲದ ಕಡೆಯಿಂದ, ಅರ್ಧ ನಮ್ಮ ಹೊಲದ ಕಡೆಯಿಂದ. ಒಂದ ಕಡೆ ಕೊಯ್ದ್ರ ಗಿಡ ಬೋಳಾಗ್ತಾವಲ್ಲ.’

ಕಮಿಷನರು ಕೊನೆಯ ವಾಕ್ಯವನ್ನು ಇನ್ನೊಮ್ಮೆ ಹೇಳಿಸಿಕೊಂಡು ಬರೆದರು. ನ್ಯಾಯಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅದು ಬಹಳ ಬಲವಾದ ಮಾತು. ಗಡಿಯ ಎರಡೂ ಮಗ್ಗುಲಿನವರು ಗಿಡವನ್ನು ಸಮನಾಗಿ ಬಳಸುತ್ತಿದ್ದರೆಂದರೆ ಅದು ಎರಡು ಹೊಲಗಳ ನಡುವಣ ಬೇಲಿಯೇ ಆಗಿರಬೇಕು. ಆದರೆ ಆ ಹೊತ್ತಿನಲ್ಲಿ ನಾನು ನೋಡುತ್ತಿದ್ದದ್ದು ಚಿಕ್ಕಮಾವನ ಮುಖವನ್ನು. ಅವರು ಒಳಗೆ ಬಂದು, ಯಾರೂ ಕೂಡ್ರೆಂದು ಹೇಳದಿದ್ದರೂ, ನೆಲದ ಮೇಲೆ ಕುಳಿತುಕೊಂಡರು.

ರಾಜಿಯಾಗಲು ಮತ್ತೂ ಒಂದೂವರೆ ವರ್ಷ ಹಿಡಿಯಿತು. ಮನಸ್ಸು ಬದಲಾದಷ್ಟು ಬೇಗ ಮಾತು ಬದಲಾಗುವುದಿಲ್ಲ. ಖರ್ಚಿನ ಲೆಕ್ಕ, ಮಧ್ಯಸ್ಥರ ಮರ್ಜಿ, ವಾಯಿದೆಗಳು. 2017ರ ಜನವರಿಯಲ್ಲಿ ರಾಜಿ ಅರ್ಜಿ ದಾಖಲಾಗಿ, ಅದರಂತೆಯೇ ಡಿಕ್ರಿ ಆಯಿತು. ಗಡಿಯ ಕಲಮನ್ನು ನಾನೇ ಬರೆದೆ. ‘ಲಕ್ಕಿ, ಅಂದರೆ ವಾವಿಲಿ, ಎಂಬ ಗಿಡಗಳ ಬೇಲಿ’ ಎಂದು ಮೂರು ಕಡೆ ಬರೆದಿದ್ದೇನೆ. ಹಿರಿಯ ವಕೀಲರು ಓದಿ, ಒಂದು ಕಡೆ ಸಾಕಲ್ಲವೇ ಎಂದರು. ಸಾಲದು ಎಂದೆ. ಅಜ್ಜಿ ರಾಜಿಯನ್ನು ನೋಡಲಿಲ್ಲ. ಅದಕ್ಕೆ ನಾಲ್ಕು ತಿಂಗಳ ಮೊದಲೇ ತೀರಿಕೊಂಡಿದ್ದರು. ಹೆಣ ಎತ್ತುವಾಗ ಹೆಗಲು ಕೊಟ್ಟವರಲ್ಲಿ ಚಿಕ್ಕಮಾವನೂ ಒಬ್ಬರು.

ಮತ್ತೆ ಬೇಲಿ ಹಾಕಬೇಕೆಂಬುದು ರಾಜಿಯ ಷರತ್ತು. ಇಲ್ಲಿ ನಮ್ಮ ಇನ್ನೊಂದು ಅಜ್ಞಾನ ಬಯಲಾಯಿತು. ಡಿಕ್ರಿಯ ಸಂಭ್ರಮದಲ್ಲಿ ನನ್ನ ಮಾವ ಫೆಬ್ರವರಿಯಲ್ಲಿಯೇ 400 ಕಡ್ಡಿ ನೆಡಿಸಿದರು. ಯುಗಾದಿಯ ಹೊತ್ತಿಗೆ ಬದುಕಿದ್ದವನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಎರೆಭೂಮಿ ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಬಿರುಕಿನೊಳಗೆ ಬಿಸಿಗಾಳಿ ಹೊಕ್ಕು ಎಳೆಬೇರು ಸುಟ್ಟುಹೋಗುತ್ತದೆ. ಬದುಕಿದ ಗಿಡವನ್ನು ಯಾವುದೂ ಕೊಲ್ಲಲಾರದು, ನಿಜ. ಬೇರೂರುವ ಮೊದಲ ಎರಡು ತಿಂಗಳು ಮಾತ್ರ ಅದೂ ಹಸುಗೂಸೇ.

ಎರಡನೆಯ ಸಲ ಆರಿದ್ರಾ ಮಳೆ ಬಿದ್ದು ನೆಲ ಒಳಗಿನವರೆಗೆ ನೆನೆದ ಮೇಲೆ ನೆಟ್ಟೆವು. ಹಾಕಿಕೊಳ್ಳಬೇಕೆನ್ನುವವರಿಗಾಗಿ ಹೇಳುತ್ತೇನೆ. ತೀರ ಎಳೆಯದೂ ಅಲ್ಲದ, ಮುದಿಯೂ ಅಲ್ಲದ, ಪೆನ್ಸಿಲಿಗಿಂತ ತುಸು ದಪ್ಪನೆಯ ಕೋಲು ಆರಿಸಿ, ಒಂದೂವರೆ ಗೇಣಿನ ತುಂಡು ಮಾಡಬೇಕು. ಬುಡದ ಕಡೆ ಓರೆಯಾಗಿ, ತುದಿಯ ಕಡೆ ನೇರವಾಗಿ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ತಪ್ಪು ಆಗುವುದಿಲ್ಲ. ಮಕ್ಕಳ ಕೈಯಲ್ಲಿ ನೆಡಿಸುವಾಗ ಇದು ಮುಖ್ಯ. ಎರಡು ಮೂರು ಗೆಣ್ಣು ಮಣ್ಣಿನೊಳಗೆ ಇರಬೇಕು. ಒಂದೂವರೆ ಅಡಿಗೆ ಒಂದರಂತೆ ನೆಟ್ಟು, ಸುತ್ತಲಿನ ಮಣ್ಣನ್ನು ಕಾಲಿನಿಂದ ಬಿಗಿಯಾಗಿ ಮೆಟ್ಟಬೇಕು. ಕತ್ತರಿಸಿದ ದಿನವೇ ನೆಟ್ಟರೆ ಒಳ್ಳೆಯದು. ಮರುದಿನಕ್ಕೆ ಉಳಿದರೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಬೇಕು. ಮಳೆ ಕೈಕೊಟ್ಟರೆ ವಾರಕ್ಕೆರಡು ಬಾರಿ ನೀರು. ಬುಡಕ್ಕೆ ಶೇಂಗಾ ಹೊಟ್ಟು ಹರಡಿದ ಕಡೆ ನಮಗೆ ಹೆಚ್ಚು ಗಿಡ ಉಳಿದವು. ಆಳುದ್ದ ಬೆಳೆಯಲೆಂದು ಆಸೆಪಡದೆ ಮೊದಲ ವರ್ಷವೇ ಮೊಳಕಾಲೆತ್ತರಕ್ಕೆ ಸವರಬೇಕು. ಹಾಗೆ ಮಾಡಿದರೆ ಬುಡದಿಂದಲೇ ಕವಲೊಡೆದು ಬೇಲಿ ದಟ್ಟವಾಗುತ್ತದೆ. ದೋಷವನ್ನೂ ಹೇಳಿಬಿಡಬೇಕು: ಬೇರಿನಿಂದ ಮರಿ ಎದ್ದು ಹೊಲದೊಳಕ್ಕೆ ಬರುತ್ತದೆ, ಬೇಲಿಯ ಪಕ್ಕದ ಒಂದೆರಡು ಸಾಲು ಬೆಳೆ ಸೊರಗುತ್ತದೆ. ವರ್ಷಕ್ಕೊಮ್ಮೆ ಎರಡೂ ಮಗ್ಗುಲಲ್ಲಿ ನೇಗಿಲು ಹಾಯಿಸಿ ಅಂಚು ಕಡಿಯದಿದ್ದರೆ ಬೇಲಿಯೇ ಒತ್ತುವರಿ ಮಾಡತೊಡಗುತ್ತದೆ.

ಮಾವನ ಮಗಳು ಅಮೆರಿಕದ ನಾರ್ತ್ ಕೆರೊಲೈನಾದಲ್ಲಿದ್ದಾಳೆ. 2018ರಲ್ಲಿ ಅವಳ ಹೆರಿಗೆಗೆ ಅತ್ತೆ ಹೊರಟಾಗ ಪೆಟ್ಟಿಗೆಯಲ್ಲಿ ಒಣಗಿದ ಲಕ್ಕಿಸೊಪ್ಪು ಇಟ್ಟುಕೊಂಡಿದ್ದರು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಸೊಪ್ಪುಸದೆಗಳನ್ನು ಬಿಡುವುದಿಲ್ಲವೆಂದು ನಾನೇ ತೆಗೆಸಿದೆ. ಅತ್ತೆ ನನ್ನೊಡನೆ ಎರಡು ದಿನ ಮಾತಾಡಲಿಲ್ಲ. ಕೆಲವು ವಾರಗಳಾದ ಮೇಲೆ ಆ ಹುಡುಗಿ ಫೋನಿನಲ್ಲಿ, ‘ಬಾವ, ನಮ್ಮ ಮನೆಯ ಬೇಲಿಯಲ್ಲಿಯೇ ಲಕ್ಕಿಯಂಥ ಗಿಡ ಇದೆ, ಎಲೆ ಹೊಸಕಿದರೆ ಘಾಟು ಬರುತ್ತದೆ, ಅಮ್ಮ ನೀರಿಗೆ ಹಾಕೋಣ ಅಂತಾಳೆ’ ಎಂದಳು. ಫೋಟೋ ಕಳಿಸಿದಳು. ಅದು ಲಕ್ಕಿಯಲ್ಲ, ವ್ಯಾಕ್ಸ್ ಮಿರ್ಟಲ್. ಆ ದೇಶದ ಆಗ್ನೇಯ ಭಾಗದ ನಿತ್ಯಹಸಿರು ಪೊದೆ. ಅದರ ಹೆಣ್ಣುಗಿಡದಲ್ಲಿ ಬಿಡುವ ಸಣ್ಣ ಬೂದುನೀಲಿ ಕಾಯಿಗಳ ಮೇಲೆ ಮೇಣದ ಪೊರೆಯಿರುತ್ತದೆ. ಅಲ್ಲಿಗೆ ಬಂದು ನೆಲೆಸಿದ ಹಳೆಯ ವಲಸಿಗರು ಕಾಯಿಗಳನ್ನು ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಮೇಣವನ್ನು ಕೆನೆಯಂತೆ ತೆಗೆದು, ಸುವಾಸನೆಯ ಮೇಣದಬತ್ತಿ ಮಾಡುತ್ತಿದ್ದರು. ಒಂದು ಬತ್ತಿಗೆ ರಾಶಿ ಕಾಯಿ ಬೇಕು. ಎಲೆಯನ್ನು ಹುಳ ಬಾರದಂತೆ ಬಟ್ಟೆಯ ನಡುವೆ ಇಡುವುದೂ ಅಲ್ಲಿ ಉಂಟು. ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳ ನೆರವಿನಿಂದ ಅದು ಗಾಳಿಯ ಸಾರಜನಕವನ್ನು ಹಿಡಿದು ಬಡಮಣ್ಣಿನಲ್ಲಿಯೂ ಬೆಳೆಯುತ್ತದೆ. ಲಕ್ಕಿಗೆ ಆ ವಿದ್ಯೆ ಇಲ್ಲ. ಎಲೆಯಲ್ಲಿ ಎಣ್ಣೆಯಂಶ ಹೆಚ್ಚಾದ್ದರಿಂದ ಬೇಗ ಉರಿಯುತ್ತದೆ, ಮನೆಗೆ ಅಂಟಿಸಿ ನೆಡಬಾರದು ಎನ್ನುತ್ತಾರೆ. ಎರಡು ಗಿಡಗಳಿಗೂ ಕುಲದ ನಂಟಿಲ್ಲ. ಲಿನೇಯಸ್ 1753ರ ಒಂದೇ ಗ್ರಂಥದಲ್ಲಿ ಎರಡಕ್ಕೂ ಹೆಸರಿಟ್ಟನೆಂಬುದೊಂದೇ ಅವುಗಳ ಸಂಬಂಧ.

‘ವಾಸನೆ ಒಂದೇ ಅಂತ ನೀರಿಗೆ ಹಾಕಬೇಡಿ’ ಎಂದು ಅತ್ತೆಗೆ ಹೇಳಿದೆ. ಅತ್ತೆ ಕೇಳಿದರು: ‘ನಿನಗ ಈಗ ಇಷ್ಟು ಗಿಡ ಗೊತ್ತಾಗ್ಯಾವಲ್ಲ, ಅವತ್ತು ಕೋರ್ಟಿನ್ಯಾಗ ಯಾಕ ಗೊತ್ತಾಗಲಿಲ್ಲ?’ ನನ್ನಲ್ಲಿ ಉತ್ತರವಿರಲಿಲ್ಲ.

ಹಳೆಯ ತಮಿಳು ಕಾವ್ಯಶಾಸ್ತ್ರದಲ್ಲಿ ಕೋಟೆಯನ್ನು ಕಾಯುವವರ ಕಾಳಗಕ್ಕೆ ನೊಚ್ಚಿ ಎಂದೇ ಹೆಸರು; ಒಳಗಿನ ಯೋಧರು ಈ ನೀಲಿ ಹೂವಿನ ಮಾಲೆ ಧರಿಸಿ ಗೋಡೆಯ ಮೇಲೆ ನಿಲ್ಲುತ್ತಿದ್ದರಂತೆ. ಇದನ್ನು ಓದಿದ ದಿನ ಮಾವನಿಗೆ ಹೇಳಿದೆ. ಅವರು, ‘ನಾವೂ ಅದನ್ನೇ ಮಾಡಿದಿವಿ, ಹೂವೊಂದಿರಲಿಲ್ಲ’ ಎಂದು ನಕ್ಕರು.

ಈಗ ಸಾಲು ಎದೆಯೆತ್ತರವಿದೆ. ಹೋದ ಶ್ರಾವಣದಲ್ಲಿ ನನ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಶಾಲೆಯಲ್ಲಿ ಊರಿನ ಹತ್ತು ಗಿಡಗಳ ಎಲೆ ಅಂಟಿಸಿ ಹೆಸರು ಬರೆಯುವ ಕೆಲಸ ಕೊಟ್ಟಿದ್ದರು. ಚಿಕ್ಕಮಾವ ತಮ್ಮ ಮಗ್ಗುಲಿನಿಂದ ಬೇಲಿ ಸವರುತ್ತಿದ್ದರು. ಸವರಿದ ಸೊಪ್ಪಿನಲ್ಲಿ ಒಂದು ಹೊರೆ ಕಟ್ಟಿ ನಮ್ಮ ಕಡೆಗೆ ದಾಟಿಸಿ, ಕೊಟ್ಟಿಗೆಗೆ ಆಗುತ್ತದೆ ಎಂದರು. ಮಗಳು ಒಂದು ಚಿಗುರು ಕಿತ್ತು ಪುಸ್ತಕದಲ್ಲಿಟ್ಟುಕೊಂಡು, ಏನೆಂದು ಬರೆಯಲಿ ಎಂದು ಅವರನ್ನೇ ಕೇಳಿದಳು. ಅವರು ನನ್ನ ಕಡೆ ಒಮ್ಮೆ ನೋಡಿ, ಕುಡುಗೋಲನ್ನು ಬದುವಿನ ಮೇಲಿಟ್ಟು, ಅವಳ ಪೆನ್ಸಿಲು ತೆಗೆದುಕೊಂಡು ಎರಡು ಹೆಸರನ್ನೂ ಬರೆದುಕೊಟ್ಟರು. ಮೊದಲು ಕನ್ನಡದಲ್ಲಿ, ಅದರ ಕೆಳಗೆ ತೆಲುಗಿನಲ್ಲಿ.